ದೀರ್ಘಕಾಲದ ಶ್ವಾಸಕೋಶ ರೋಗಗಳಲ್ಲಿ ಬಿಳಿ ರಕ್ತಕಣಗಳ ಪ್ರೋಟೀನು ಹತೋಟಿ

ದೀರ್ಘಕಾಲದ ಶ್ವಾಸಕೋಶ ರೋಗಗಳಲ್ಲಿ ಅಂಗಾಂಶವನ್ನು ಸವೆಸುವ ಪ್ರೋಟೀನುಗಳಲ್ಲಿ ಬಹುಪಾಲು ದೇಹದವೇ. ರೋಗಾಣುಗಳನ್ನು ಕೊಲ್ಲಲೆಂದು ಬಿಳಿ ರಕ್ತಕಣಗಳು ಅವನ್ನು ತಯಾರಿಸಿ ಒಳಗೆ ಕೂಡಿಟ್ಟುಕೊಂಡಿರುತ್ತವೆ. ಯಾವಾಗ ತಯಾರಿಸಬೇಕು, ಎಲ್ಲಿ ಇಡಬೇಕು, ಯಾವ ಗಳಿಗೆಯಲ್ಲಿ ಚುರುಕುಗೊಳಿಸಬೇಕು, ಕೆಲಸ ಮುಗಿದ ಮೇಲೆ ಹೇಗೆ ಅಡಗಿಸಬೇಕು ಎಂಬ ಒಂದೊಂದು ಹಂತಕ್ಕೂ ಹತೋಟಿಯಿದೆ. ಎಲ್ಲಿ ಹತೋಟಿ ತಪ್ಪಿತು ಎಂಬುದರ ಮೇಲೆ ರೋಗದ ರೂಪ ನಿಲ್ಲುತ್ತದೆ, ಔಷಧ ಹಿಡಿಯುವುದೂ ಹಿಡಿಯದಿರುವುದೂ ನಿಲ್ಲುತ್ತದೆ. ಕಳೆದ ಅರವತ್ತು ವರ್ಷಗಳ ಸಂಶೋಧನೆಯಲ್ಲಿ ಗೆದ್ದ ಔಷಧಗಳಿಗಿಂತ ಸೋತವೇ ಈ ಮಾತನ್ನು ಹೆಚ್ಚು ಸ್ಪಷ್ಟಪಡಿಸಿವೆ.

ಈ ರೋಗಗಳಲ್ಲಿ ಹೆಚ್ಚು ಜನರನ್ನು ಕಾಡುವುದು ಸಿಒಪಿಡಿ. ಇದರಲ್ಲಿ ಶ್ವಾಸನಾಳದ ಸಣ್ಣ ಕವಲುಗಳ ಗೋಡೆ ದಪ್ಪಗಟ್ಟಿ ದಾರಿ ಕಿರಿದಾಗುತ್ತದೆ. ಕವಲಿನ ತುದಿಯ ಗಾಳಿಗೂಡುಗಳ ನಡುವಿನ ಗೋಡೆ ಕರಗಿ ಹಲವು ಗೂಡುಗಳು ಸೇರಿ ಒಂದೇ ಪೊಳ್ಳಾಗುತ್ತವೆ. ಹೀಗೆ ಪೊಳ್ಳಾಗುವುದಕ್ಕೆ ಎಂಫಿಸೀಮ ಎಂದು ಹೆಸರು. ಉಸಿರನ್ನು ಪೂರ್ತಿ ಎಳೆದುಕೊಂಡು ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಒಟ್ಟು ಊದಿದ್ದರ 70%ಕ್ಕಿಂತ ಕಡಿಮೆಯಿದ್ದು, ನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ ಹಾಗೆಯೇ ಉಳಿದರೆ ಸಿಒಪಿಡಿ ಎಂದು ಗುರುತಿಸುತ್ತಾರೆ. ಆಡುಮಾತಿನಲ್ಲಿ ಇದನ್ನು ಅಸ್ತಮಾದ ಜೊತೆ ಸೇರಿಸಿ ದಮ್ಮು, ಉಬ್ಬಸ, ಗೂರಲು ಎನ್ನುವುದುಂಟು. ಏದುಸಿರು ಎರಡರಲ್ಲೂ ಒಂದೇ ಥರ ಕಂಡರೂ ಒಳಗೆ ಕೆಲಸ ಮಾಡುವ ಕಣಗಳು ಬಹುಮಟ್ಟಿಗೆ ಬೇರೆ. ಭಾರತದಲ್ಲಿ 1990ರಲ್ಲಿ 2.81 ಕೋಟಿಯಷ್ಟಿದ್ದ ಸಿಒಪಿಡಿ ರೋಗಿಗಳ ಸಂಖ್ಯೆ 2016ಕ್ಕೆ 5.53 ಕೋಟಿಗೆ ಏರಿತೆಂದು ಜಾಗತಿಕ ರೋಗಹೊರೆ ಅಧ್ಯಯನದ ಭಾರತೀಯ ವಿಭಾಗ 2018ರಲ್ಲಿ ಅಂದಾಜು ಮಾಡಿತು.

ಮಾಲ್ಮೋದ ಐದು ಪಟ್ಟಿಗಳು

ಪ್ರೋಟೀನು ಹತೋಟಿಗೂ ಶ್ವಾಸಕೋಶ ರೋಗಕ್ಕೂ ನಂಟಿದೆ ಎಂಬುದು ಮೊದಲು ಬೆಳಕಿಗೆ ಬಂದದ್ದು ಸ್ವೀಡನ್ನಿನ ಮಾಲ್ಮೋ ನಗರದ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ. ರಕ್ತದ ಸೀರಮ್ಮಿಗೆ ವಿದ್ಯುತ್ ಹಾಯಿಸಿ ಅದರ ಪ್ರೋಟೀನುಗಳನ್ನು ಪಟ್ಟಿ ಪಟ್ಟಿಯಾಗಿ ಬಿಡಿಸುವ ಎಲೆಕ್ಟ್ರೊಫೊರೆಸಿಸ್ ಪರೀಕ್ಷೆ ಅಲ್ಲಿ ದಿನನಿತ್ಯದ ಕೆಲಸ. ಸುಮಾರು 1,500 ಮಾದರಿಗಳನ್ನು ನೋಡಿದ್ದ ಕಾರ್ಲ್-ಬರ್ಟಿಲ್ ಲೌರೆಲ್ ಮತ್ತು ಯುವ ವೈದ್ಯ ಸ್ಟೆನ್ ಎರಿಕ್ಸನ್ ಅವರ ಕಣ್ಣಿಗೆ ಐದರಲ್ಲಿ ಆಲ್ಫಾ-1 ಎಂಬ ಪಟ್ಟಿಯೇ ಇಲ್ಲದಿರುವುದು ಬಿತ್ತು. ಆ ಐವರಲ್ಲಿ ಮೂವರಿಗೆ ಶ್ವಾಸಕೋಶ ಕೆಟ್ಟಿತ್ತು. 1963ರಲ್ಲಿ ಇದು ಪ್ರಕಟವಾಯಿತು. ಕಾಣೆಯಾಗಿದ್ದದ್ದು ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು. ಯಕೃತ್ತು ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಅಲ್ಲಿಂದ ಅದು ಶ್ವಾಸಕೋಶಕ್ಕೆ ಜಿನುಗುತ್ತದೆ.

ಸರಿಸುಮಾರು ಅದೇ ಕಾಲಕ್ಕೆ ಅಮೆರಿಕದಲ್ಲಿ ಪಾಲ್ ಗ್ರಾಸ್ ಮತ್ತು ಸಂಗಡಿಗರು ಇಲಿಗಳ ಶ್ವಾಸನಾಳಕ್ಕೆ ಪಪಾಯಿನ್ ಹನಿಸಿದರು. ಪಪಾಯಿನ್ ಎಂದರೆ ಪರಂಗಿಕಾಯಿಯ ಹಾಲಿನಲ್ಲಿರುವ, ಮಾಂಸವನ್ನು ಮೆತ್ತಗೆ ಮಾಡುವ ಕಿಣ್ವ. ಇಲಿಗಳಿಗೆ ಎಂಫಿಸೀಮ ಬಂತು. ಪ್ರೋಟೀನು ಕತ್ತರಿಸುವ ಕಿಣ್ವ ಹೆಚ್ಚಾದರೂ ರೋಗ, ಅದನ್ನು ತಡೆಯುವ ಪ್ರೋಟೀನು ಕಡಿಮೆಯಾದರೂ ರೋಗ ಎಂಬ ಎರಡು ತುದಿಗಳು ಹೀಗೆ ಕೂಡಿದವು. ಪ್ರೋಟಿಯೇಸ್–ಆಂಟಿಪ್ರೋಟಿಯೇಸ್ ಸಮತೋಲನ ಎಂದು ಪಠ್ಯಪುಸ್ತಕಗಳಲ್ಲಿ ಬರುವ ವಾದ ಇದೇ. ವಾದ ಸರಿಯೇ, ಆದರೆ ಅದರಲ್ಲಿ ಕಿಣ್ವ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಎಲಾಸ್ಟೇಸಿನ ಹುಟ್ಟು ಮತ್ತು ದಾರಿ

ಗಾಳಿಗೂಡು ಉಸಿರಿಗೆ ತಕ್ಕಂತೆ ಹಿಗ್ಗಿ ಕುಗ್ಗುವುದು ಎಲಾಸ್ಟಿನ್ ಎಂಬ ನಾರಿನಿಂದ. ಶ್ವಾಸಕೋಶ ಬೆಳೆಯುವ ವಯಸ್ಸಿನಲ್ಲಿ ನೇಯ್ದ ಈ ನಾರು ಬಹುಮಟ್ಟಿಗೆ ಆಯುಷ್ಯವಿಡೀ ಬಾಳುತ್ತದೆ. ಹರಿದರೆ ಮೊದಲಿನ ಹಾಗೆ ಮರುನೇಯ್ಗೆ ಆಗುವುದಿಲ್ಲ. ಸಿಒಪಿಡಿಯಲ್ಲಿ ಕಳೆದುಕೊಂಡದ್ದು ಮರಳಿ ಬಾರದಿರುವುದಕ್ಕೆ ಕಾರಣ ಇಲ್ಲಿದೆ. ಈ ನಾರನ್ನು ಕತ್ತರಿಸುವ ಕಿಣ್ವಗಳಲ್ಲಿ ಮುಖ್ಯವಾದದ್ದು ನ್ಯೂಟ್ರೋಫಿಲ್ ಎಲಾಸ್ಟೇಸ್.

ನ್ಯೂಟ್ರೋಫಿಲ್ ನಮ್ಮ ರಕ್ತದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಬಿಳಿ ಕಣ. ಮೂಳೆಮಜ್ಜೆಯಲ್ಲಿ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ಹುಟ್ಟುತ್ತವೆ. ಕಣ ಇನ್ನೂ ಎಳೆಯದಾಗಿ ಮಜ್ಜೆಯಲ್ಲಿರುವಾಗ, ಪ್ರೊಮೈಲೊಸೈಟ್ ಎಂಬ ಹಂತದಲ್ಲಿ ಮಾತ್ರ ಎಲಾಸ್ಟೇಸಿನ ಜೀನು ಕೆಲಸ ಮಾಡುತ್ತದೆ. ಕಣ ಬಲಿಯುವ ಹೊತ್ತಿಗೆ ಆ ಜೀನು ಸ್ತಬ್ಧ. ಅಂದರೆ ಶ್ವಾಸಕೋಶಕ್ಕೆ ಬಂದು ಸೇರಿದ ನ್ಯೂಟ್ರೋಫಿಲ್ ಅಲ್ಲಿ ಹೊಸದಾಗಿ ಎಲಾಸ್ಟೇಸ್ ತಯಾರಿಸುವುದಿಲ್ಲ. ಮಜ್ಜೆಯಿಂದ ಹೊತ್ತು ತಂದದ್ದನ್ನು ಬಿಚ್ಚುತ್ತದೆ, ಅಷ್ಟೆ. ತಯಾರಿಯ ಹತೋಟಿಯೆಲ್ಲ ಮಜ್ಜೆಯಲ್ಲಿ, ಹಾನಿಯೆಲ್ಲ ಎದೆಯಲ್ಲಿ. ಔಷಧಶಾಸ್ತ್ರಜ್ಞರಿಗೆ ಈ ವಿವರ ಎಷ್ಟು ಮುಖ್ಯವೆಂಬುದು ಮನವರಿಕೆಯಾಗಲು ದಶಕಗಳೇ ಬೇಕಾದವು.

ತಯಾರಾದ ಎಲಾಸ್ಟೇಸ್ ನೇರವಾಗಿ ಕತ್ತರಿಸಲಾರದು. ಅದರ ಒಂದು ತುದಿಯಲ್ಲಿ ಎರಡು ಅಮೈನೋ ಆಮ್ಲಗಳ ಪುಟ್ಟ ತುಣುಕು ಅಂಟಿಕೊಂಡಿರುತ್ತದೆ. ಕೆಥೆಪ್ಸಿನ್-ಸಿ ಎಂಬ ಇನ್ನೊಂದು ಕಿಣ್ವ ಮಜ್ಜೆಯಲ್ಲೇ ಆ ತುಣುಕನ್ನು ಕತ್ತರಿಸಿ ತೆಗೆದಾಗ ಎಲಾಸ್ಟೇಸಿಗೆ ಹರಿತ ಬರುತ್ತದೆ. ಆಮೇಲೆ ಅದನ್ನು ಅಝುರೊಫಿಲ್ ಕಣಜಗಳೆಂಬ ಸೂಕ್ಷ್ಮ ಚೀಲಗಳಲ್ಲಿ ಒತ್ತೊತ್ತಾಗಿ ತುಂಬಲಾಗುತ್ತದೆ. ರೋಗಾಣುವನ್ನು ನುಂಗಿದ ನ್ಯೂಟ್ರೋಫಿಲ್ ಈ ಚೀಲವನ್ನು ತನ್ನೊಳಗೇ ಬಿಚ್ಚಿ ಅದನ್ನು ಅರಗಿಸಿದರೆ ತೊಂದರೆಯಿಲ್ಲ. ಹೊಗೆಯಿಂದ ಕೆರಳಿದಾಗಲೂ, ಸತ್ತು ಒಡೆದಾಗಲೂ, ತನ್ನದೇ ಡಿಎನ್‌ಎಯನ್ನು ಬಲೆಯಂತೆ ಹೊರಚೆಲ್ಲಿದಾಗಲೂ ಎಲಾಸ್ಟೇಸ್ ಹೊರಗೆ ಬೀಳುತ್ತದೆ. ಡಿಎನ್‌ಎ ಹೊರಚೆಲ್ಲುವ ಈ ವಿಚಿತ್ರ ನಡವಳಿಕೆಯನ್ನು ಬರ್ಲಿನ್ನಿನ ವಿಜ್ಞಾನಿಗಳು 2004ರಲ್ಲಿ ವರದಿ ಮಾಡಿದರು.

ಹೊರಬಿದ್ದ ಕ್ಷಣದಲ್ಲಿ ಚೀಲದ ಸುತ್ತ ಎಲಾಸ್ಟೇಸ್ ಎಷ್ಟು ಸಾಂದ್ರವಾಗಿರುತ್ತದೆಂದರೆ, ಅಲ್ಲಿರುವ ತಡೆಪ್ರೋಟೀನು ಸಾಲದೇ ಹೋಗುತ್ತದೆ. ಆರೋಗ್ಯವಂತರಲ್ಲೂ ಹೀಗೆಯೇ. ಕ್ಷಣಾರ್ಧದಲ್ಲಿ ಕಿಣ್ವ ಸುತ್ತ ಹರಡಿ ತೆಳುವಾಗಿ ತಡೆಪ್ರೋಟೀನಿನ ಕೈಗೆ ಸಿಗುವವರೆಗೆ ಕಣದ ಸುತ್ತ ಒಂದು ಚಿಕ್ಕ ವಲಯದಲ್ಲಿ ಕತ್ತರಿಕೆ ನಡೆಯುತ್ತದೆ. ಆಲ್ಫಾ-1 ಆಂಟಿಟ್ರಿಪ್ಸಿನ್ ಕಡಿಮೆಯಿರುವವರಲ್ಲಿ ಆ ವಲಯ ದೊಡ್ಡದು, ಕತ್ತರಿಕೆಯ ಹೊತ್ತೂ ಹೆಚ್ಚು.

ತಡೆಪ್ರೋಟೀನು ಸೋಲುವ ಎರಡು ಬಗೆ

ಆಲ್ಫಾ-1 ಆಂಟಿಟ್ರಿಪ್ಸಿನ್ ಕೆಲಸ ಮಾಡುವ ರೀತಿ ಇಲಿಬೋನಿನಂತಿದೆ. 394 ಅಮೈನೋ ಆಮ್ಲಗಳ ಈ ಪ್ರೋಟೀನು ತನ್ನ 358ನೆಯ ಸ್ಥಾನದ ಮೆಥಿಯೊನಿನನ್ನು ಆಮಿಷವಾಗಿ ಹೊರಚಾಚಿ ಕುಳಿತಿರುತ್ತದೆ. ಎಲಾಸ್ಟೇಸ್ ಅಲ್ಲಿ ಬಾಯಿ ಹಾಕಿ ಕತ್ತರಿಸಿದ ಕೂಡಲೇ ಕತ್ತರಿಸಿದ ಎಳೆ ಸರ್ರನೆ ಮಡಚಿ, ಕಚ್ಚಿಕೊಂಡಿದ್ದ ಕಿಣ್ವವನ್ನು ಪ್ರೋಟೀನಿನ ಇನ್ನೊಂದು ತುದಿಗೆ ಬಡಿದು ಅದರ ಆಕಾರವನ್ನೇ ಕೆಡಿಸುತ್ತದೆ. ಈ ಚಿತ್ರವನ್ನು ಕೇಂಬ್ರಿಜ್‌ನ ತಂಡ 2000ದಲ್ಲಿ ಸ್ಫಟಿಕರಚನೆಯ ಮೂಲಕ ತೋರಿಸಿಕೊಟ್ಟಿತು. ಒಂದು ಅಣು ಒಮ್ಮೆ ಮಾತ್ರ ಬಳಕೆಗೆ ಬರುತ್ತದೆ, ಕಿಣ್ವದ ಜೊತೆ ತಾನೂ ಮುಗಿಯುತ್ತದೆ. ಆದ್ದರಿಂದ ಯಕೃತ್ತು ಇದನ್ನು ಒಂದೇ ಸಮನೆ ಸರಬರಾಜು ಮಾಡುತ್ತಿರಬೇಕು.

ಈ ವ್ಯವಸ್ಥೆ ಹುಟ್ಟಿನಿಂದಲೇ ಸೋಲಬಹುದು. 14ನೆಯ ವರ್ಣತಂತುವಿನಲ್ಲಿರುವ ಜೀನಿನಲ್ಲಿ ಒಂದೇ ಅಕ್ಷರ ಬದಲಾಗಿ 342ನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ಲೈಸಿನ್ ಕುಳಿತರೆ ಸಿಗುವುದು ‘ಝಡ್’ ರೂಪ. ಈ ರೂಪದ ಅಣುಗಳು ಯಕೃತ್ತಿನ ಜೀವಕೋಶದೊಳಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾಗಿ ಅಲ್ಲೇ ಸಿಕ್ಕಿಬೀಳುತ್ತವೆ. ಅಲ್ಲಿ ಯಕೃತ್ತಿಗೆ ಹೆಚ್ಚಾಗಿ ಕಾಯಿಲೆ, ಇಲ್ಲಿ ಶ್ವಾಸಕೋಶಕ್ಕೆ ಕೊರತೆಯಾಗಿ ಕಾಯಿಲೆ. ತಂದೆತಾಯಿ ಇಬ್ಬರಿಂದಲೂ ಈ ರೂಪ ಪಡೆದವರ ರಕ್ತದಲ್ಲಿ ಸಾಮಾನ್ಯ ಪ್ರಮಾಣದ ಆರನೇ ಒಂದು ಭಾಗವೂ ಇರುವುದಿಲ್ಲ. 1970ರ ದಶಕದಲ್ಲಿ ಸ್ವೀಡನ್ ಎರಡು ಲಕ್ಷ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ಅಂಥ 120 ಮಕ್ಕಳು ಸಿಕ್ಕರು. ಉತ್ತರ ಯುರೋಪಿನ ಮೂಲದವರಲ್ಲಿ ಹೆಚ್ಚಾಗಿ ಕಾಣುವ ಈ ರೂಪ ಭಾರತೀಯರಲ್ಲಿ ವಿರಳ.

ಹಾಗಿದ್ದರೆ ನಮಗೇಕೆ ಇದರ ಗೊಡವೆ ಎಂದರೆ, ಸೋಲುವ ಎರಡನೆಯ ಬಗೆಗೆ ಜೀನು ಕೆಡಬೇಕಾಗಿಲ್ಲ. ಆಮಿಷವಾಗಿ ಚಾಚಿರುವ ಆ ಮೆಥಿಯೊನಿನ್ ಹೊಗೆಯಲ್ಲಿರುವ ಆಕ್ಸಿಡೆಂಟುಗಳಿಗೆ ಸಿಕ್ಕರೆ ಉತ್ಕರ್ಷಣೆಗೊಳ್ಳುತ್ತದೆ. ಆಗ ಪ್ರೋಟೀನು ಎಲಾಸ್ಟೇಸನ್ನು ಹಿಡಿಯುವ ವೇಗ ಸುಮಾರು ಎರಡು ಸಾವಿರ ಪಟ್ಟು ಇಳಿಯುತ್ತದೆ. ರಕ್ತ ಪರೀಕ್ಷೆಯಲ್ಲಿ ಪ್ರಮಾಣ ಸರಿಯಾಗಿಯೇ ಕಾಣುತ್ತದೆ, ಶ್ವಾಸಕೋಶದ ಆ ಮೂಲೆಯಲ್ಲಿ ಕೆಲಸ ಮಾತ್ರ ನಡೆಯುವುದಿಲ್ಲ. ಹುಟ್ಟಿನಿಂದ ಕೊರತೆಯಿರುವವರು ಬೀಡಿ, ಸಿಗರೇಟು ಸೇದಿದರೆ ಮೂವತ್ತು–ನಲವತ್ತರ ಹರೆಯದಲ್ಲೇ ಎಂಫಿಸೀಮಕ್ಕೆ ಗುರಿಯಾಗುವುದು ಈ ಎರಡೂ ಪೆಟ್ಟು ಒಟ್ಟಿಗೆ ಬೀಳುವುದರಿಂದ.

ದಾನಿಗಳ ಪ್ಲಾಸ್ಮಾದಿಂದ ಬೇರ್ಪಡಿಸಿದ ಆಲ್ಫಾ-1 ಆಂಟಿಟ್ರಿಪ್ಸಿನನ್ನು ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಚಿಕಿತ್ಸೆಗೆ ಅಮೆರಿಕದಲ್ಲಿ 1987ರಲ್ಲಿ ಒಪ್ಪಿಗೆ ಸಿಕ್ಕಿತು. ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶದ ಸಾಂದ್ರತೆ ಕರಗುವ ವೇಗ ಇದರಿಂದ ತಗ್ಗುತ್ತದೆಂದು 2015ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಊದುವ ಪರೀಕ್ಷೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಪ್ಪು ಅಕ್ಷರವನ್ನು ಆರ್‌ಎನ್‌ಎ ಹಂತದಲ್ಲೇ ತಿದ್ದಿ, ಝಡ್ ರೂಪದ ರೋಗಿಯ ಯಕೃತ್ತಿನಿಂದ ಸರಿಯಾದ ಪ್ರೋಟೀನು ಬರುವಂತೆ ಮಾಡಿದ ಮೊದಲ ಫಲಿತಾಂಶ 2024ರಲ್ಲಿ ಹೊರಬಂತು.

ಮ್ಯಾಕ್ರೊಫೇಜ್ ಮತ್ತು ಆರದ ಉರಿ

ಆರೋಗ್ಯವಂತರ ಗಾಳಿಗೂಡುಗಳನ್ನು ತೊಳೆದು ತೆಗೆದ ದ್ರವದಲ್ಲಿ ಸಿಗುವ ಕಣಗಳಲ್ಲಿ ಹತ್ತಕ್ಕೆ ಒಂಬತ್ತು ಭಾಗ ಮ್ಯಾಕ್ರೊಫೇಜುಗಳು. ಧೂಳು, ರೋಗಾಣು, ಸತ್ತ ಜೀವಕೋಶ ಎಲ್ಲವನ್ನೂ ನುಂಗಿ ಚೊಕ್ಕಟ ಮಾಡುವುದು ಅವುಗಳ ಪಾಲಿನ ಕೆಲಸ. ನ್ಯೂಟ್ರೋಫಿಲ್ಲಿನ ಹಾಗೆ ಮ್ಯಾಕ್ರೊಫೇಜು ಸರಕನ್ನು ಹೊತ್ತು ತಂದು ಮುಗಿಸುವುದಿಲ್ಲ. ಶ್ವಾಸಕೋಶದಲ್ಲೇ ಕುಳಿತು ಅಲ್ಲಿನ ಸ್ಥಿತಿಗೆ ತಕ್ಕಂತೆ ಪ್ರೋಟೀನು ತಯಾರಿಸುತ್ತಿರುತ್ತದೆ. ಅವುಗಳಲ್ಲಿ ಎಂಎಂಪಿ ಗುಂಪಿನ ಎಂಎಂಪಿ-12 ಎಂಬ ಕಿಣ್ವವೂ ಎಲಾಸ್ಟಿನನ್ನು ಕತ್ತರಿಸುತ್ತದೆ. ಈ ಜೀನೇ ಇಲ್ಲದ ಇಲಿಗಳು ತಿಂಗಳುಗಟ್ಟಲೆ ಸಿಗರೇಟಿನ ಹೊಗೆ ಕುಡಿದರೂ ಎಂಫಿಸೀಮ ಬರಲಿಲ್ಲವೆಂದು 1997ರಲ್ಲಿ ಸ್ಟೀವನ್ ಶಪೀರೊ ತಂಡ ವರದಿ ಮಾಡಿತು. ನ್ಯೂಟ್ರೋಫಿಲ್ ಎಲಾಸ್ಟೇಸ್ ಇಲ್ಲದ ಇಲಿಗಳಿಗೂ ಅರ್ಧಕ್ಕಿಂತ ಹೆಚ್ಚು ರಕ್ಷಣೆ ಸಿಕ್ಕಿತು. ಇಬ್ಬರಲ್ಲಿ ಯಾರು ಅಪರಾಧಿ ಎಂಬ ಚರ್ಚೆ ಸ್ವಲ್ಪ ಕಾಲ ನಡೆಯಿತಾದರೂ ಅದಕ್ಕೆ ಹೆಚ್ಚು ಅರ್ಥವಿರಲಿಲ್ಲ. ಎಂಎಂಪಿಗಳು ಆಲ್ಫಾ-1 ಆಂಟಿಟ್ರಿಪ್ಸಿನನ್ನು ಕತ್ತರಿಸುತ್ತವೆ, ಎಲಾಸ್ಟೇಸು ಎಂಎಂಪಿಗಳ ತಡೆಪ್ರೋಟೀನನ್ನು ಕತ್ತರಿಸುತ್ತದೆ. ಒಬ್ಬರ ಬೇಲಿಯನ್ನು ಇನ್ನೊಬ್ಬರು ಕೀಳುತ್ತಾರೆ.

ಇಷ್ಟಕ್ಕೇ ನಿಲ್ಲುವುದಿಲ್ಲ. ಹರಿದ ನಾರಿನ ಚೂರುಗಳೇ ಇನ್ನಷ್ಟು ಬಿಳಿ ಕಣಗಳನ್ನು ಕರೆಯುತ್ತವೆ. ಕೊಲಾಜನ್ ಎಂಬ ಇನ್ನೊಂದು ನಾರು ತುಂಡಾದಾಗ ಸಿಗುವ, ಮೂರೇ ಅಮೈನೋ ಆಮ್ಲಗಳ ಪಿಜಿಪಿ ಎಂಬ ಚೂರು ನ್ಯೂಟ್ರೋಫಿಲ್ಲುಗಳನ್ನು ಸೆಳೆಯುತ್ತದೆ. ಅದನ್ನು ಒಡೆದುಹಾಕಲು ದೇಹದಲ್ಲಿ ಒಂದು ಕಿಣ್ವವಿದೆ, ಸಿಗರೇಟಿನ ಹೊಗೆ ಆ ಕಿಣ್ವವನ್ನೇ ಕುಗ್ಗಿಸುತ್ತದೆ. ಸಿಗರೇಟು ಬಿಟ್ಟ ವರ್ಷಗಳ ನಂತರವೂ ಅನೇಕರ ಶ್ವಾಸಕೋಶದಲ್ಲಿ ಉರಿಯೂತ ಮುಂದುವರಿಯುವುದಕ್ಕೆ ಇಂಥ ತನ್ನನ್ನು ತಾನೇ ಊದಿಕೊಳ್ಳುವ ಚಕ್ರಗಳೂ ಕಾರಣ. ಹಾಗೆಂದು ಬಿಡುವುದು ವ್ಯರ್ಥವಲ್ಲ. ಬಿಟ್ಟವರಲ್ಲಿ ಶ್ವಾಸಕೋಶದ ಸಾಮರ್ಥ್ಯ ಕುಸಿಯುವ ವೇಗ ಖಂಡಿತ ತಗ್ಗುತ್ತದೆ.

ಮ್ಯಾಕ್ರೊಫೇಜಿಗೆ ‘ತಯಾರಿಸು’ ಎಂಬ ಆಜ್ಞೆ ಕೊಡುವ ಪ್ರೋಟೀನು ಮುಖ್ಯವಾಗಿ ಎನ್‌ಎಫ್-ಕಪ್ಪಾ-ಬಿ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಗುರುತಿಸಿದರು. ಎಂದಿನ ಸ್ಥಿತಿಯಲ್ಲಿ ಐ-ಕಪ್ಪಾ-ಬಿ ಎಂಬ ಪ್ರೋಟೀನು ಅದನ್ನು ತಬ್ಬಿಹಿಡಿದು ಕೋಶಕೇಂದ್ರದ ಹೊರಗೇ ಇರಿಸಿರುತ್ತದೆ. ಹೊಗೆಯೋ ರೋಗಾಣುವೋ ತಾಗಿದಾಗ ಐ-ಕಪ್ಪಾ-ಬಿಗೆ ಯುಬಿಕ್ವಿಟಿನ್ ಎಂಬ ಗುರುತು ಬೀಳುತ್ತದೆ. ಗುರುತು ಬಿದ್ದ ಪ್ರೋಟೀನನ್ನು ಪ್ರೋಟಿಯಸೋಮ್ ಎಂಬ ಯಂತ್ರ ಪುಡಿಮಾಡುತ್ತದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಾ-ಬಿ ಕೋಶಕೇಂದ್ರ ಹೊಕ್ಕು ಇಂಟರ್‌ಲ್ಯೂಕಿನ್-8, ಟಿಎನ್‌ಎಫ್ ಮೊದಲಾದ ಸಂದೇಶವಾಹಕ ಪ್ರೋಟೀನುಗಳ ಜೀನುಗಳನ್ನು ಚಾಲೂ ಮಾಡುತ್ತದೆ.

ಚಾಲೂ ಆದದ್ದನ್ನು ನಿಲ್ಲಿಸಲು ಎಚ್‌ಡಿಎಸಿ-2 ಎಂಬ ಪ್ರೋಟೀನು ಬೇಕು. ಅದು ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನುಗಳನ್ನು ಬಿಗಿಗೊಳಿಸಿ ಜೀನನ್ನು ಮುಚ್ಚುತ್ತದೆ. ಸ್ಟೆರಾಯ್ಡು ಉರಿಯೂತವನ್ನು ತಗ್ಗಿಸುವುದು ಬಹುಮಟ್ಟಿಗೆ ಈ ಎಚ್‌ಡಿಎಸಿ-2ನ್ನು ಉರಿಯೂತದ ಜೀನುಗಳ ಬಳಿ ಕರೆತಂದು. ಲಂಡನ್ನಿನ ಪೀಟರ್ ಬಾರ್ನ್ಸ್ ತಂಡ 2005ರಲ್ಲಿ ತೋರಿಸಿದಂತೆ, ಸಿಒಪಿಡಿ ತೀವ್ರವಾದಷ್ಟೂ ಶ್ವಾಸಕೋಶದಲ್ಲಿ ಎಚ್‌ಡಿಎಸಿ-2 ಕಡಿಮೆ. ಹೊಗೆಯ ಆಕ್ಸಿಡೆಂಟುಗಳು ಅದರ ರಚನೆಯನ್ನು ಕೆಡಿಸಿದಾಗ ಅದಕ್ಕೂ ಯುಬಿಕ್ವಿಟಿನ್ ಗುರುತು ಬಿದ್ದು ಅದೇ ಪ್ರೋಟಿಯಸೋಮು ಪುಡಿಮಾಡುತ್ತದೆ. ಅಸ್ತಮಾದವರಿಗೆ ವರವಾದ ಸ್ಟೆರಾಯ್ಡ್ ಇನ್‌ಹೇಲರು ಅನೇಕ ಸಿಒಪಿಡಿ ರೋಗಿಗಳಿಗೆ ಅಷ್ಟಾಗಿ ಹಿಡಿಯದಿರುವುದರ ಗುಟ್ಟು ಬಹುಶಃ ಇಲ್ಲಿದೆ: ಕೀಲಿಕೈ ಇದೆ, ಬೀಗವಿಲ್ಲ.

ಥಿಯೊಫಿಲಿನ್ ಎಂಬ ಹಳೆಯ, ಅಗ್ಗದ ಮಾತ್ರೆ (ನಮ್ಮಲ್ಲಿ ಡೆರಿಫಿಲಿನ್ ಹೆಸರಿನಲ್ಲಿ ಮನೆಮಾತಾದದ್ದರಲ್ಲಿ ಇರುವುದೂ ಇದೇ) ಸಣ್ಣ ಪ್ರಮಾಣದಲ್ಲಿ ಎಚ್‌ಡಿಎಸಿ-2ರ ಕೆಲಸವನ್ನು ಮರಳಿಸುತ್ತದೆಂದು ಪ್ರಯೋಗಾಲಯದಲ್ಲಿ ಕಂಡಿತ್ತು. ಬಡದೇಶಗಳಿಗೆ ದೊಡ್ಡ ಆಸೆ ಹುಟ್ಟಿಸಿದ ಸಂಗತಿ ಅದು. ಬ್ರಿಟನ್ನಿನಲ್ಲಿ 1,500ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಸ್ಟೆರಾಯ್ಡ್ ಇನ್‌ಹೇಲರಿನ ಜೊತೆ ಸಣ್ಣ ಪ್ರಮಾಣದ ಥಿಯೊಫಿಲಿನ್ ಕೊಟ್ಟರೂ ರೋಗ ಉಲ್ಬಣಿಸುವುದು ಕಡಿಮೆಯಾಗಲಿಲ್ಲ.

ಸೌದೆ ಒಲೆಯ ಸಿಒಪಿಡಿ

ಮೇಲೆ ಹೇಳಿದ್ದರಲ್ಲಿ ಹೆಚ್ಚಿನದು ಸಿಗರೇಟು ಸೇದಿದ ಪಾಶ್ಚಾತ್ಯರನ್ನೂ ಸಿಗರೇಟಿನ ಹೊಗೆ ಕುಡಿದ ಇಲಿಗಳನ್ನೂ ನೋಡಿ ತಿಳಿದದ್ದು. ಭಾರತದ ಹಳ್ಳಿಗಳಲ್ಲಿ ಒಮ್ಮೆಯೂ ಬೀಡಿ ಮುಟ್ಟದ ಹೆಂಗಸರಿಗೆ ಸಿಒಪಿಡಿ ಬರುತ್ತದೆ. ಕಾರಣ ಸೌದೆ, ಬೆರಣಿ, ಕಡ್ಡಿಪುರಲೆಗಳ ಹೊಗೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ತಂಡ ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರಲ್ಲಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನ ಇಲ್ಲಿ ಉಲ್ಲೇಖಾರ್ಹ. ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿ ಸಿಗುವ ಸೂಚ್ಯಂಕ 60 ಮುಟ್ಟಿದರೆ ದೀರ್ಘಕಾಲದ ಬ್ರಾಂಕೈಟಿಸಿನ ಅಪಾಯ ಎದ್ದುಕಾಣುತ್ತದೆಂದು ಅದು ಹೇಳಿತು. ದಿನಕ್ಕೆ ನಾಲ್ಕು ಗಂಟೆ ಒಲೆ ಮುಂದೆ ಕೂರುವ ಹೆಣ್ಣುಮಗಳು ಹದಿನೈದು ವರ್ಷಕ್ಕೆ ಈ ಗೆರೆ ಮುಟ್ಟುತ್ತಾಳೆ. ಹದಿನೆಂಟಕ್ಕೆ ಮದುವೆಯಾಗಿ ಅಡುಗೆಮನೆ ಹೊಕ್ಕವಳಿಗೆ ಆಗ ಇನ್ನೂ ಮೂವತ್ತಮೂರು.

ಒಲೆಹೊಗೆಯ ಸಿಒಪಿಡಿಯಲ್ಲಿ ಗಾಳಿಗೂಡು ಕರಗುವುದಕ್ಕಿಂತ ಸಣ್ಣ ನಾಳಗಳ ಸುತ್ತ ನಾರುಗಟ್ಟುವುದು ಹೆಚ್ಚು. ನಾರು ಕಡಿಯುವ ಪ್ರೋಟೀನುಗಳ ಕಥೆಗಿಂತ ನಾರು ಬೆಳೆಸುವ ಪ್ರೋಟೀನುಗಳ ಕಥೆ ಇಲ್ಲಿ ಮುಖ್ಯವಾಗಬಹುದು. ಹಾಗಿದ್ದೂ ಔಷಧಗಳ ದೊಡ್ಡ ಪ್ರಯೋಗಗಳಿಗೆ ರೋಗಿಗಳನ್ನು ಆರಿಸುವಾಗ ಇಂತಿಷ್ಟು ವರ್ಷ ಸಿಗರೇಟು ಸೇದಿರಬೇಕೆಂಬ ಷರತ್ತು ಬಹುಕಾಲದಿಂದ ನಡೆದುಬಂದಿದೆ. ಒಲೆಯ ಮುಂದೆ ಕೆಮ್ಮುವ ಹೆಂಗಸರು ಆ ಲೆಕ್ಕಕ್ಕೇ ಬರುವುದಿಲ್ಲ.

ಔಷಧಗಳು

ಇಷ್ಟೆಲ್ಲ ತಿಳಿದ ಮೇಲೆ, ಯಾವ ಸಂದೇಶವಾಹಕ ಪ್ರೋಟೀನು ಜಾಸ್ತಿಯಿದೆಯೋ ಅದನ್ನು ಕಟ್ಟಿಹಾಕಿದರಾಯಿತು ಎಂದುಕೊಳ್ಳುವುದು ಸಹಜ. ಸಂಧಿವಾತದಲ್ಲಿ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಚೆನ್ನಾಗಿ ಕೆಲಸ ಮಾಡಿತ್ತು. ಸಿಒಪಿಡಿಯಲ್ಲಿ ಅದರಿಂದ ಪ್ರಯೋಜನವಾಗಲಿಲ್ಲವೆಂದು 2007ರಲ್ಲಿ ತಿಳಿಯಿತು. ಇಂಟರ್‌ಲ್ಯೂಕಿನ್-8 ತಡೆಯುವ ಪ್ರತಿಕಾಯವೂ ಮುಂದೆ ಸಾಗಲಿಲ್ಲ. ನ್ಯೂಟ್ರೋಫಿಲ್ಲನ್ನು ಕರೆಯುವ ಸಂಕೇತಗಳು ಹತ್ತಾರಿವೆ; ಒಂದನ್ನು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ಪೂರ್ತಿ ಮುಚ್ಚಿದರೆ ಸೋಂಕಿಗೆ ಬಾಗಿಲು ತೆರೆದಂತೆ.

ಎರಡು ದಾರಿಗಳು ಫಲ ಕೊಟ್ಟವು. ಒಂದು, ಎಲ್ಲರಿಗೂ ಕೊಡದೆ ಆರಿಸಿ ಕೊಡುವುದು. ಸಿಒಪಿಡಿ ರೋಗಿಗಳಲ್ಲಿ ಒಂದು ಪಾಲಿನವರಲ್ಲಿ ನ್ಯೂಟ್ರೋಫಿಲ್ಲಿಗಿಂತ ಇಯೋಸಿನೋಫಿಲ್ ಎಂಬ ಬಿಳಿ ಕಣದ ಹಾವಳಿ ಹೆಚ್ಚು. ರಕ್ತದಲ್ಲಿ ಪ್ರತಿ ಮೈಕ್ರೊಲೀಟರಿಗೆ ಇದು 300 ಅಥವಾ ಹೆಚ್ಚಿರುವವರಿಗೆ ಸ್ಟೆರಾಯ್ಡ್ ಇನ್‌ಹೇಲರು ಹಿಡಿಯುತ್ತದೆ, 100ಕ್ಕಿಂತ ಕಡಿಮೆಯಿದ್ದರೆ ಅಷ್ಟಾಗಿ ಹಿಡಿಯುವುದಿಲ್ಲ. ಇಂಟರ್‌ಲ್ಯೂಕಿನ್-4 ಮತ್ತು 13ರ ಸಂಕೇತವನ್ನು ತಡೆಯುವ ಡುಪಿಲುಮ್ಯಾಬ್ ಚುಚ್ಚುಮದ್ದನ್ನು 300ರ ಮೇಲಿದ್ದವರಿಗೆ ಮಾತ್ರ ಕೊಟ್ಟು ನೋಡಿದಾಗ ರೋಗ ಉಲ್ಬಣಿಸುವುದು ಒಂದು ಪ್ರಯೋಗದಲ್ಲಿ 30%, ಇನ್ನೊಂದರಲ್ಲಿ 34% ಇಳಿಯಿತು. 2024ರಲ್ಲಿ ಯುರೋಪು, ಅಮೆರಿಕಗಳಲ್ಲಿ ಒಪ್ಪಿಗೆ ಸಿಕ್ಕಿತು. ಇಂಟರ್‌ಲ್ಯೂಕಿನ್-5ನ್ನು ತಡೆಯುವ ಮೆಪೊಲಿಜುಮ್ಯಾಬ್ 2018ರಲ್ಲಿ ಅಮೆರಿಕದ ಒಪ್ಪಿಗೆ ತಪ್ಪಿಸಿಕೊಂಡಿತ್ತು. ರೋಗಿಗಳ ಆಯ್ಕೆಯನ್ನು ಬಿಗಿಮಾಡಿದ ಪ್ರಯೋಗದ ನಂತರ 2025ರಲ್ಲಿ ಅದೂ ಗೆದ್ದಿತು. ಇಯೋಸಿನೋಫಿಲ್ ಎಣಿಕೆ ತಾಲ್ಲೂಕು ಮಟ್ಟದ ಲ್ಯಾಬಿನಲ್ಲೂ ಸಿಗುವ ಸಾಮಾನ್ಯ ರಕ್ತ ಪರೀಕ್ಷೆಯ ಭಾಗ. ಆದರೆ ಜಂತುಹುಳುವಿನ ಬಾಧೆಯಲ್ಲೂ ಫೈಲೇರಿಯಾಕ್ಕೆ ಸಂಬಂಧಿಸಿದ ಶ್ವಾಸಕೋಶ ತೊಂದರೆಯಲ್ಲೂ ಈ ಎಣಿಕೆ ಏರುವ ನಮ್ಮಂಥ ದೇಶದಲ್ಲಿ ಅದೇ 300ರ ಗೆರೆಯನ್ನು ಕಣ್ಣುಮುಚ್ಚಿ ಎಳೆಯಲಾಗದು.

ಇನ್ನೊಂದು ದಾರಿ, ಶ್ವಾಸಕೋಶವನ್ನು ಬಿಟ್ಟು ಮಜ್ಜೆಗೆ ಹೋಗುವುದು. ಎಲಾಸ್ಟೇಸಿಗೆ ಹರಿತ ಕೊಡುವ ಕೆಥೆಪ್ಸಿನ್-ಸಿಯನ್ನೇ ತಡೆದರೆ ನ್ಯೂಟ್ರೋಫಿಲ್ಲುಗಳು ಎಂದಿನಂತೆ ಹುಟ್ಟುತ್ತವೆ, ಬರುತ್ತವೆ, ಆದರೆ ಮೊಂಡು ಆಯುಧ ಹಿಡಿದು. ಹಾಗೆ ಮಾಡಿದರೆ ಅಪಾಯವಿಲ್ಲವೇ ಎಂಬುದಕ್ಕೆ ಪ್ರಕೃತಿಯೇ ಒಂದು ಉತ್ತರ ಇಟ್ಟಿತ್ತು. ಪ್ಯಾಪಿಲಾನ್–ಲೆಫೆವ್ರ್ ಎಂಬ ಅಪರೂಪದ ಆನುವಂಶಿಕ ತೊಂದರೆಯವರಲ್ಲಿ ಕೆಥೆಪ್ಸಿನ್-ಸಿ ಹುಟ್ಟಿನಿಂದಲೇ ಇರುವುದಿಲ್ಲ. ಅಂಗೈ ಅಂಗಾಲು ದಪ್ಪಗಟ್ಟಿ ಬಿರಿಯುತ್ತವೆ, ವಸಡು ಕೊಳೆತು ಹಲ್ಲುಗಳು ಎಳವೆಯಲ್ಲೇ ಬೀಳುತ್ತವೆ; ಮಾರಕ ಸೋಂಕುಗಳು ಮಾತ್ರ ನಿರೀಕ್ಷಿಸಿದಷ್ಟು ಬಾಧಿಸುವುದಿಲ್ಲ. ಈ ಧೈರ್ಯದ ಮೇಲೆ ಬೆಳೆದ ಬ್ರೆನ್ಸೊಕ್ಯಾಟಿಬ್ ಎಂಬ ಮಾತ್ರೆಯನ್ನು ಬ್ರಾಂಕಿಯೆಕ್ಟಾಸಿಸ್ ರೋಗಿಗಳಲ್ಲಿ ಪರೀಕ್ಷಿಸಿದರು. ಇದು ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ, ಕಫ ಕೀವಾಗಿ ನಿಲ್ಲುವ ಕಾಯಿಲೆ; ಇವರ ಕಫದಲ್ಲಿ ಎಲಾಸ್ಟೇಸ್ ಹೆಚ್ಚಿದ್ದಷ್ಟೂ ರೋಗ ಬಿಗಡಾಯಿಸುತ್ತದೆ. 1,700ಕ್ಕೂ ಹೆಚ್ಚು ಜನ ಭಾಗವಹಿಸಿದ, 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹುಸಿ ಮಾತ್ರೆ ಪಡೆದವರಲ್ಲಿ ರೋಗ ವರ್ಷಕ್ಕೆ ಸರಾಸರಿ 1.29 ಬಾರಿ ಉಲ್ಬಣಿಸಿದರೆ, ನಿಜವಾದ ಮಾತ್ರೆ ತೆಗೆದುಕೊಂಡವರಲ್ಲಿ ಸುಮಾರು 1.03 ಬಾರಿ ಉಲ್ಬಣಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಬ್ರಾಂಕಿಯೆಕ್ಟಾಸಿಸಿಗೆಂದೇ ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಇದು. ಪ್ಯಾಪಿಲಾನ್–ಲೆಫೆವ್ರ್ ತೊಂದರೆಯನ್ನು ನೆನಪಿನಲ್ಲಿಟ್ಟು ಪ್ರಯೋಗದಲ್ಲಿ ವಸಡು, ಚರ್ಮಗಳ ಮೇಲೂ ನಿಗಾ ಇಡಲಾಗಿತ್ತು. ಹೆಚ್ಚು ಪ್ರಮಾಣದ ಮಾತ್ರೆ ಪಡೆದ ಕೆಲವರಲ್ಲಿ ಚರ್ಮ ದಪ್ಪಗಟ್ಟುವುದು ತುಸು ಹೆಚ್ಚು ಕಂಡಿತು.

ಭಾರತದ 31 ಕೇಂದ್ರಗಳಲ್ಲಿ 2,195 ಬ್ರಾಂಕಿಯೆಕ್ಟಾಸಿಸ್ ರೋಗಿಗಳನ್ನು ದಾಖಲಿಸಿದ, 2019ರಲ್ಲಿ ಪ್ರಕಟವಾದ ನೋಂದಣಿ ಅಧ್ಯಯನದಲ್ಲಿ ಅತಿ ಸಾಮಾನ್ಯ ಕಾರಣವಾಗಿ ಕಂಡದ್ದು ಹಿಂದೆ ಬಂದುಹೋದ ಕ್ಷಯ, ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು. ಕ್ಷಯದ ಹುಣ್ಣಿನಲ್ಲಿ ಅಂಗಾಂಶ ಕರಗಿಸುವ ಕೆಲಸದ ದೊಡ್ಡ ಪಾಲು ಮ್ಯಾಕ್ರೊಫೇಜುಗಳ ಎಂಎಂಪಿ ಕಿಣ್ವಗಳದ್ದು, ಅವಕ್ಕೆ ಕೆಥೆಪ್ಸಿನ್-ಸಿಯ ಹಂಗಿಲ್ಲ. ಮಜ್ಜೆಯಲ್ಲಿ ಎಲಾಸ್ಟೇಸನ್ನು ಮೊಂಡಾಗಿಸುವ ಮಾತ್ರೆಗೆ ಆ ಹಾನಿ ನಡೆಯುವಾಗ ಹೆಚ್ಚು ಕೆಲಸವಿರಲಾರದು. ಹುಣ್ಣು ಮಾಯ್ದು, ನಾಳ ಹಿಗ್ಗಿ, ಕಫ ಕಟ್ಟಿ ನ್ಯೂಟ್ರೋಫಿಲ್ಲುಗಳು ಮುತ್ತಿಕೊಂಡ ಮೇಲಷ್ಟೇ ಅದರ ಸರದಿ.